ನಾಲ್ಕು ನಾಲ್ಕಲಿ ಹದಿನಾರು

ತಪ್ಪು ಶಿವಶಂಕರನದಲ್ಲ, ಗಾಡಿಯದೂ ಅಲ್ಲ. ಗಾಡಿಯ ಹಿಂಬಾಗಿಲಿಗೆ ಅಂಟಿಸಿದ್ದ ಒಂದು ಸ್ಟಿಕ್ಕರಿನದು. ಊಟದ ತಟ್ಟೆಯಗಲದ ಆ ಸ್ಟಿಕ್ಕರಿನ ಮೇಲೆ ಕೆಂಪಕ್ಷರದಲ್ಲಿ 4x4 ಎಂದು ಬರೆದಿತ್ತು. ಗಾಡಿಯ ನಾಲ್ಕಕ್ಕೆ ನಾಲ್ಕೂ ಚಕ್ರಗಳನ್ನು ಎಂಜಿನ್ನು ತಿರುಗಿಸುತ್ತದೆ, ಕೆಸರಾಗಲಿ ಕಲ್ಲಾಗಲಿ ಹತ್ತಿಳಿದು ಹೋಗುತ್ತದೆ ಎಂದು ಅದರ ಅರ್ಥ. ಈ ಅರ್ಥ ಹುಣಸೂರಿನ ಆ ಓಣಿಯಲ್ಲಿ ಶಿವಶಂಕರನೊಬ್ಬನಿಗೇ ಗೊತ್ತಿತ್ತು. ಆತ ಹೈಸ್ಕೂಲಿನ ಗಣಿತದ ಮೇಷ್ಟ್ರು. ಗಣಿತದ ಮೇಷ್ಟ್ರ ಗಾಡಿಯ ಬೆನ್ನ ಮೇಲೆ ಗುಣಾಕಾರದ ಲೆಕ್ಕವೊಂದು ಉತ್ತರವಿಲ್ಲದೆ ನಿಂತಿದ್ದರೆ, ಉತ್ತರ ಹೇಳಲು ನಮ್ಮ ಜನ ಮುಂದೆ ಬರದೆ ಇರುತ್ತಾರೆಯೇ?

ಗಾಡಿಯನ್ನು ಅವನು ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದ. ಅದಕ್ಕೆ ಮೊದಲು ಅದು ಕೊಡಗಿನ ಕಾಫಿ ತೋಟವೊಂದರಲ್ಲಿ ದುಡಿದಿತ್ತು. ಗಂಡ, ಹೆಂಡತಿ, ಎಂಟು ವರ್ಷದ ಮಗಳು ಪವಿತ್ರ, ಇಷ್ಟೇ ಸಂಸಾರ. ಗಾಡಿ ಮಾತ್ರ ದಿಬ್ಬಣ ಹಿಡಿಸುವಷ್ಟು ದೊಡ್ಡದು. ಅದು ಓಣಿಯೊಳಗೆ ಬಂತೆಂದರೆ ಎದುರಿಗೆ ಸಿಕ್ಕ ಹಸುವೂ ರಿವರ್ಸ್ ಗೇರಿನಲ್ಲಿ ಹೊರಗೆ ಹೋಗಬೇಕಿತ್ತು. ಪಕ್ಕದ ಮನೆಯ ಸುನಂದಮ್ಮ ದಿನಾ ಬೆಳಿಗ್ಗೆ ಹನ್ನೊಂದು ಚುಕ್ಕಿಯಿಟ್ಟು, ರಂಗೋಲಿ ಪುಡಿ ಸಾಲದೆ ಒಳಗೆ ಹೋಗಿ ಬರುವಷ್ಟರಲ್ಲಿ ಗಾಡಿ ಹಾದುಹೋಗಿ ಚುಕ್ಕಿಗಳನ್ನೆಲ್ಲ ತಾನೇ ಸೇರಿಸಿಬಿಟ್ಟಿರುತ್ತಿತ್ತು. ಚುಕ್ಕಿ ನಮ್ಮದು, ಗೆರೆ ನಿಮ್ಮದು, ಇದ್ಯಾವ ನ್ಯಾಯ ಎಂದು ಆಕೆ ಶಾಂತಲಾಳನ್ನು ಕೇಳದ ದಿನವಿರಲಿಲ್ಲ.

ಶಾಂತಲಾ ಮೂರು ತಿಂಗಳು ತಡೆದಳು. ಎರಡು ಸಾವಿರದ ಮೂರನೆಯ ಇಸವಿಯ ದಸರಾ ರಜೆಯಲ್ಲಿ ಅವಳ ತಾಳ್ಮೆಯೂ ರಜೆ ಹಾಕಿತು. ಗಾಡಿ ಕೊಳ್ಳುವಾಗ ಗಂಡ ಹೇಳಿದ್ದು ಒಂದೇ ಕಾರಣ: ನಿನ್ನ ತವರಿಗೆ ಹೋಗಲು. ಕೋಟೆ ಪಟ್ಟಣದಾಚೆಯ ಸೀಗೆಕೊಪ್ಪಲು ಅವಳ ತವರು. ಟಾರು ರಸ್ತೆ ಆ ಊರಿಗೆ ನಾಲ್ಕು ಮೈಲಿ ಇರುವಾಗಲೇ ಬೇಸತ್ತು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಗಾಡಿಜಾಡು. ಹತ್ತು ವರ್ಷದ ಹಿಂದೆ ಮದುಮಗ ಶಿವಶಂಕರನ ಬಾಡಿಗೆ ಕಾರು ಆ ಜಾಡಿನಲ್ಲಿ ಹೊಟ್ಟೆಯವರೆಗೆ ಹೂತು, ಅವನು ಮಾವನ ಟ್ರ್ಯಾಕ್ಟರಿನಲ್ಲಿ ಹೊಗೆಸೊಪ್ಪಿನ ಬೇಲುಗಳ ನಡುವೆ ನಿಂತು, ಬಾಸಿಂಗ ಕಿವಿಯ ಮೇಲೆ ಜಾರಿ, ಸೀನುತ್ತ ಸೀನುತ್ತ ಚಪ್ಪರ ಸೇರಿದ್ದ. ತಾಳಿ ಕಟ್ಟುವಾಗಲೂ ಮೂರು ಗಂಟಿಗೆ ಮೂರು ಸೀನು. ಅಂದಿನಿಂದ ಇಂದಿನವರೆಗೆ ನೆಂಟರೆಲ್ಲರಂತೆ ಅವನೂ ಟಾರು ಮುಗಿದಲ್ಲಿ ಇಳಿದು, ಬ್ಯಾಗು ಹೊತ್ತು, ಗದ್ದೆಬದುವಿನ ಮೇಲೆ ಕೊಕ್ಕರೆಯ ಹಾಗೆ ಕಾಲಿಟ್ಟು ಮಾವನ ಮನೆ ಸೇರುತ್ತಿದ್ದ. ಅಳಿಯನಾದವನಿಗೆ ಇದು ಅವಮಾನವೋ ಅಲ್ಲವೋ?

ಅದಕ್ಕೇ ಶಾಂತಲಾ ಕರಾರು ಹಾಕಿದಳು. ಗುರುವಾರ ಅವಳ ತಮ್ಮ ಶಶಿಯ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಅಂದು ಗಾಡಿ ಅಪ್ಪನ ಮನೆಯ ಬಾಗಿಲಿನವರೆಗೆ ಹೋಗಬೇಕು. ನಡುದಾರಿಯಲ್ಲಿ ಒಬ್ಬರೂ ಇಳಿಯಬಾರದು, ಒಬ್ಬರೂ ತಳ್ಳಬಾರದು. ಹೋದರೆ ಗಾಡಿ ಉಳಿಯಿತು. ಇಳಿದರೋ, ತಳ್ಳಿದರೋ, ಮೈಸೂರಿನಲ್ಲಿ ಒಬ್ಬ ಗಿರಾಕಿ ಕಾದಿದ್ದಾನೆ, ಶುಕ್ರವಾರವೇ ಮಾರಬೇಕು.

ಶಿವಶಂಕರ ಸಿಟ್ಟಿನಿಂದಲೇ ಒಪ್ಪಿದ. ಗಾಡಿಯ ಪುಸ್ತಕವನ್ನು ಪರೀಕ್ಷೆಗೆ ಕೂತವನಂತೆ ಮೂರು ಸಲ ಓದಿದ. ದೊಡ್ಡ ಗೇರಿನ ಪಕ್ಕದಲ್ಲಿರುವ ಕುಳ್ಳ ಗೇರನ್ನು ಯಾವಾಗ ಹಾಕಬೇಕು, ಕೆಸರಿಗೆ ಇಳಿಯುವ ಮುನ್ನ ಟೈರಿನ ಗಾಳಿ ಎಷ್ಟು ಇಳಿಸಬೇಕು, ನೀರಿನಲ್ಲಿ ಎಷ್ಟು ನಿಧಾನ ಹೋಗಬೇಕು, ಎಲ್ಲ ಬಾಯಿಪಾಠ ಮಾಡಿದ. ಮಾವನಿಗೆ ಮುಂಚೆ ತಿಳಿಸಲಿಲ್ಲ. ಬಾಗಿಲಲ್ಲಿ ಹಾರನ್ ಹೊಡೆದಾಗಲೇ ಅವರಿಗೆ ಗೊತ್ತಾಗಬೇಕು ಎಂಬುದು ಅವನ ಆಸೆ.

ಗುರುವಾರ ಬೆಳಿಗ್ಗೆ ದಾರಿಯ ಕೂಡುರಸ್ತೆಯಾದ ಹ್ಯಾಂಡ್‌ಪೋಸ್ಟಿನಲ್ಲಿ ಬಾಳೆಗೊನೆ, ಹೂವು ಕೊಳ್ಳಲೆಂದು ಗಾಡಿ ನಿಲ್ಲಿಸಿದ್ದೇ ತಡ, ಬಸ್ಸು ಕಾಯುತ್ತಿದ್ದ ಗುಂಪಿನಿಂದ “ಸಾಂತಲಾ” ಎಂದು ಯಾರೋ ಕೂಗಿದರು. ಅವಳ ಸೋದರತ್ತೆ ಪುಟ್ಟಸಿದ್ದಮ್ಮ. ಅವರ ಹಿಂದೆ ಚಿಕ್ಕಪ್ಪ ನಂಜಣ್ಣ. ನಂಜಣ್ಣನ ಹಿಂದೆ ಇನ್ನೂ ಹತ್ತು ಮಂದಿ, ಕಿವಿ ಚುಚ್ಚುವ ಶಾಸ್ತ್ರಕ್ಕೆ ಹೊರಟ ಹೆಂಡತಿ ಕಡೆಯ ನೆಂಟರು. ಲೋಕದಲ್ಲಿ ಗಂಡನ ಕಡೆಯ ನೆಂಟರಿಗೆ ಇಲ್ಲವೆನ್ನಬಹುದು. ಹೆಂಡತಿ ಕಡೆಯವರಿಗೆ ಇಲ್ಲವೆಂದು ಆಮೇಲೆ ಅದೇ ಹೆಂಡತಿಯ ಕೈಲಿ ಊಟ ಮಾಡಿದವನು ಯಾರೂ ಇಲ್ಲ. ಆದರೂ ಶಿವಶಂಕರ ಧೈರ್ಯ ಮಾಡಿ, ಗಾಡಿಯಲ್ಲಿ ಎಂಟು ಜನಕ್ಕಷ್ಟೇ ಜಾಗ, ಹೆಂಗಸರು ಮಕ್ಕಳು ಬರಲಿ, ಮಿಕ್ಕವರಿಗೆ ಬಸ್ಸಿದೆಯಲ್ಲ ಎಂದ.

ನಂಜಣ್ಣ ಗಾಡಿಯನ್ನು ಒಂದು ಸುತ್ತು ಹಾಕಿದ. ಎಲೆಯಡಿಕೆ ಜಗಿಯುತ್ತಲೇ ಹಿಂಬಾಗಿಲ ಮುಂದೆ ನಿಂತು, ಪವಿತ್ರಳನ್ನು ಕರೆದು, ಇದೇನು ಬರೆದಿದೆ ಓದು ಮಗ ಎಂದ.

“ಫೋರ್ ಇಂಟು ಫೋರ್ ತಾತ,” ಎಂದಳು ಪವಿತ್ರ.

“ಅಂದ್ರೆ?”

“ನಾಲ್ಕ್ ನಾಲ್ಕಲಿ ಹದಿನಾರು.”

ನಂಜಣ್ಣ ಅಳಿಯನ ಕಡೆ ತಿರುಗಿದ. ಕಳ್ಳನನ್ನು ಹಿಡಿದ ಪೊಲೀಸಿನವನ ಮುಖದಲ್ಲಿ ಇರುವ ತೃಪ್ತಿ ಅವನ ಮುಖದಲ್ಲಿತ್ತು.

“ನೋಡಿ ಅಳಿಯಂದ್ರೇ, ಆಟೋ ಮ್ಯಾಲೆ ತ್ರೀ ಪ್ಲಸ್ ಒನ್ ಅಂತ ಬರ್ದಿರ್ತಾರೆ. ಮೂರು ಜನ, ಒಬ್ಬ ಡ್ರೈವರು. ಮ್ಯಾಕ್ಸಿಕ್ಯಾಬ್ ಮ್ಯಾಲೆ ಹನ್ನೆರ್ಡು ಪ್ಲಸ್ ಒಂದು. ಅವೆಲ್ಲ ಸಣ್ ಗಾಡಿ, ಕೂಡೋ ಲೆಕ್ಕ. ಇದು ದೊಡ್ಡದು, ಗುಣ್ಸೋ ಲೆಕ್ಕ. ಕಂಪ್ನಿಯೋನೇ ಅದ್ನಾರು ಅಂತ ಬರ್ದವ್ನೆ, ನೀವು ಎಂಟು ಅಂತೀರಲ್ಲ.”

ಅದು ಜನರ ಸಂಖ್ಯೆಯಲ್ಲ, ಚಕ್ರದ ಸಂಗತಿ ಎಂದು ಶಿವಶಂಕರ ವಿವರಿಸಿದ. ನಂಜಣ್ಣ ಬಗ್ಗಿ ಚಕ್ರಗಳನ್ನು ಎಣಿಸಿದ. ನಾಲ್ಕು. ಹಿಂದೆ ನೇತುಬಿದ್ದ ಸ್ಟೆಪ್ನಿ ಸೇರಿ ಐದು. ಹದಿನಾರು ಚಕ್ರ ಎಲ್ಲಿವೆ ತೋರಿಸಿ ಎಂದ. ಸುತ್ತ ನೆರೆದ ಜನ ಹೌದು ತೋರಿಸಲಿ ಎಂದರು. ಹೂವಿನವಳು ಕೂಡ ಮೊಳ ಹಾಕುವುದನ್ನು ನಿಲ್ಲಿಸಿ ಕಾದಳು. ಹದಿನೆಂಟು ವರ್ಷ ಗಣಿತ ಹೇಳಿಕೊಟ್ಟ ಶಿವಶಂಕರ, ನಾಲ್ಕು ನಾಲ್ಕಲಿ ಹದಿನಾರಲ್ಲ ಎಂದು ಬಹಿರಂಗವಾಗಿ ಸಾಧಿಸಬೇಕಾದ ಸ್ಥಿತಿಗೆ ಬಂದಿದ್ದ. ಅವನ ಹಳೆಯ ವಿದ್ಯಾರ್ಥಿ ಯಾರಾದರೂ ಕೇಳಿಸಿಕೊಂಡರೆ ಗತಿ?

“ಮಗ್ಗಿ ಗೊತ್ತಿಲ್ದೋರು ಮೇಷ್ಟ್ರು ಎಂಗಾದ್ರು ಸಾಂತಲಾ?” ಎಂದು ಪುಟ್ಟಸಿದ್ದಮ್ಮ ನಿಜವಾದ ಕಳವಳದಿಂದ ಕೇಳಿ, ಉತ್ತರಕ್ಕೆ ಕಾಯದೆ ಹತ್ತಿ ಕೂತರು.

ಅವರ ಹಿಂದೆ ಹನ್ನೊಂದು ಮಂದಿ ಹತ್ತಿದರು. ಹಿಂದೆ ಎದುರುಬದುರಾಗಿದ್ದ ಎರಡು ಬೆಂಚು, ನಡುವಿನ ಸೀಟು, ಸೀಟಿನ ಕೆಳಗಿನ ಜಾಗ, ತೊಡೆ, ತೊಡೆಯ ಮೇಲಿನ ತೊಡೆ, ಎಲ್ಲ ತುಂಬಿತು. ನಂಜಣ್ಣ ಮುಂದೆ ಕೂತು ಕುಳ್ಳ ಗೇರಿನ ಮೇಲೆ ತನ್ನ ಎಲೆಯಡಿಕೆ ಚೀಲ ನೇತುಹಾಕಿದ. ಆಮೇಲೆ ಹಿಂದಕ್ಕೆ ತಿರುಗಿ ತಲೆ ಎಣಿಸಿ, ಡ್ರೈವರನ್ನೂ ಸೇರಿಸಿ ಹದಿನೈದೇ ಆಯಿತು, ಇನ್ನೊಂದು ಜಾಗ ಸುಮ್ಮನೆ ದಂಡವಾಗುತ್ತಿದೆ ಎಂದು ಪೇಚಾಡಿಕೊಂಡ.

ಟಾರು ಮುಗಿದ ಕಡೆ ಶಿವಶಂಕರ ಗಾಡಿ ನಿಲ್ಲಿಸಿ, ಇಲ್ಲಿಂದ ಮುಂದೆ ಆಫ್ ರೋಡ್ ಎಂದು ಹೆಂಡತಿಗೆ ಕೇಳುವಂತೆ ಘೋಷಿಸಿದ. ನಂಜಣ್ಣ ಕಿಟಕಿಯಿಂದ ಇಣುಕಿ ನೋಡಿ, ಆಫ್ ಕೂಡ ಇಲ್ಲವಲ್ಲ, ಕಾಲು ರೋಡೂ ಇಲ್ಲ ಎಂದ. ಕೋಟೆ ಕಡೆಯ ಬಾಯಲ್ಲಿ ಹಾಫೂ ಆಫೇ, ಆಫೂ ಆಫೇ. ಅರ್ಧ ರೋಡು ಇಲ್ಲಿದ್ದರೆ ಮಿಕ್ಕರ್ಧ ಎಲ್ಲಿ ಎಂದು ಹಿಂದಿನಿಂದ ಯಾರೋ ಕೇಳಿದರು. ಕಂಟ್ರಾಕ್ಟರ್ ಮನೆಯ ಮಹಡಿ ಮೇಲೆ ಎಂದು ಇನ್ಯಾರೋ ಹೇಳಿದರು. ಶಿವಶಂಕರ ಹಲ್ಲು ಕಚ್ಚಿ ಕೆಳಗಿಳಿದ. ಡ್ರೈವರು ಇಳಿದರೆ ಇಳಿದಂತಲ್ಲ, ಅದು ಕರಾರಿನಲ್ಲಿ ಇಲ್ಲ ಎಂದು ಹೆಂಡತಿಗೆ ಹೇಳಿ, ಪುಸ್ತಕದಲ್ಲಿದ್ದಂತೆ ಒಂದೊಂದೇ ಟೈರಿನ ಗಾಳಿ ಸ್ವಲ್ಪ ಸ್ವಲ್ಪ ಇಳಿಸಿದ.

ನಾಲ್ಕು ಸಲ ಬುಸ್ ಎಂದ ಸದ್ದು ಕೇಳಿದ ಪುಟ್ಟಸಿದ್ದಮ್ಮನ ಕಣ್ಣಲ್ಲಿ ನೀರು ಬಂತು. “ನಾವು ಗಾಡಿ ಅತ್ತಿದ್ದು ಇಷ್ಟ ಇಲ್ದಿದ್ರೆ ಬಾಯಲ್ ಯೋಳ್ಬೋದಿತ್ತು ಕಣವ್ವ. ಗಾಳಿ ಬುಟ್ಟು ಅವಮಾನ ಮಾಡ್ಬೇಕಿತ್ತಾ?”

ಟೈರು ಮೆತ್ತಗಾದರೆ ಕೆಸರಲ್ಲಿ ಹಿಡಿತ ಜಾಸ್ತಿ ಎಂದು ಅವನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಶಾಂತಲಾ ಅತ್ತೆಯನ್ನು ಸಮಾಧಾನ ಮಾಡಿದಳು. ಗಂಡನ ಕಡೆ ಅವಳು ನೋಡಿದ ನೋಟದಲ್ಲಿ ಮೈಸೂರಿನ ಗಿರಾಕಿ ಕಾಣುತ್ತಿದ್ದ.

ಜಾಡು ಮೊದಲ ಫರ್ಲಾಂಗಿನಲ್ಲೇ ತನ್ನ ಗುಣ ತೋರಿಸಿತು. ಎತ್ತಿನ ಗಾಡಿಗಳು ಕೊರೆದ ಎರಡು ಗೆರೆ, ನಡುವೆ ಗುಡ್ಡದಂತೆ ಎದ್ದ ಹುಲ್ಲು, ಎಡಕ್ಕೆ ಲಂಟಾನ, ಬಲಕ್ಕೆ ಹೊಗೆಸೊಪ್ಪಿನ ಹೊಲದ ಕಂದಕ. ಏರು ಬಂತು. ಈಗ ಲೋ ಗೇರು ಎಂದು ತನಗೆ ತಾನೇ ಹೇಳಿಕೊಂಡು ಶಿವಶಂಕರ ಕೈ ಚಾಚಿದರೆ ಕುಳ್ಳ ಗೇರು ನಂಜಣ್ಣನ ಮಂಡಿ ಮತ್ತು ಚೀಲದ ಕೆಳಗೆ ಅಡಗಿತ್ತು. ಗಾಡಿ ಹಿಂದಕ್ಕೆ ಜಾರತೊಡಗಿತು. “ಲೋ, ಲೋ” ಎಂದು ಅವನು ಗಾಬರಿಯಲ್ಲಿ ಕೂಗಿದ.

“ಯಾರಿಗ್ ಲೋ ಅಂತಿದ್ದೀರಿ?” ನಂಜಣ್ಣನ ಮೀಸೆ ಕುಣಿಯಿತು. “ನಾನು ನಿಮ್ ಹೆಂಡ್ತಿ ಚಿಕ್ಕಪ್ಪ ಕಣ್ರೀ.”

“ಗೇರಿಗೆ ಅಂದೆ ಮಾವ. ಮಂಡಿ ತೆಗೀರಿ.”

“ಗೇರಿಗೆ ಲೋ ಅಂದ್ರೆ ಅದು ಬಂದ್‌ಬುಡ್ತದಾ?”

ಮಂಡಿ ಸರಿಯಿತು. ಗೇರು ಬಂತು. ಗಾಡಿ ಗುರುಗುಟ್ಟಿ, ನಾಲ್ಕೂ ಕಾಲಿನಿಂದ ನೆಲ ಕಚ್ಚಿ, ಗಬ್ಬದ ಎಮ್ಮೆ ದಿಬ್ಬ ಹತ್ತುವಂತೆ ನಿಧಾನವಾಗಿ ಏರು ಹತ್ತಿತು. ಮುಂದೆ ಜಾಡು ಕಂದಕದ ಕಡೆ ವಾಲಿದಾಗ ಗಾಡಿಯೂ ವಾಲಿತು. ನಂಜಣ್ಣ ಎಲ್ಲರೂ ಎಡಕ್ಕೆ ವಾಲಿಕೊಳ್ಳಿ ಎಂದು ಅಪ್ಪಣೆ ಮಾಡಿದ. ಅಷ್ಟೂ ಜನ ಎಡಗಿಟಕಿಗೆ ಒರಗಿ ಒಬ್ಬರ ಮೂಗು ಒಬ್ಬರ ಕಿವಿಗೆ ತಾಗಿತು. ಗಾಡಿ ಮಾತ್ರ ನೆಟ್ಟಗಾಯಿತು. ನೋಡಿದಿರಾ, ಎಂಟೇ ಜನ ಬಂದಿದ್ದರೆ ಈಗ ಹೊಗೆಸೊಪ್ಪಿನ ಹೊಲದಲ್ಲಿರುತ್ತಿದ್ದೆವು ಎಂದು ನಂಜಣ್ಣ ತೀರ್ಪು ಕೊಟ್ಟ.

ಹಳ್ಳದಲ್ಲಿ ಮಳೆನೀರು ಇನ್ನೂ ಇಳಿದಿರಲಿಲ್ಲ. ಬಂಪರ್ ಮುಳುಗಿತು. ಹಿಂಬಾಗಿಲ ಸಂದಿಯಿಂದ ನೀರು ಒಳಗೆ ಬಂದು ಹೆಂಗಸರು ಕಾಲು ಮೇಲೆತ್ತಿ ಗಂಗಮ್ಮನಿಗೆ ಕೈಮುಗಿದರು. ಪವಿತ್ರಳೊಬ್ಬಳೇ ಖುಷಿಯಿಂದ ಇನ್ನೊಂದು ಸಲ ಹೋಗೋಣ ಅಪ್ಪ ಎಂದಳು. ಶಾಂತಲಾ ಬಾಳೆಗೊನೆಯನ್ನು ತಲೆಯ ಮೇಲಿಟ್ಟುಕೊಂಡು, ಕಷ್ಟವಾದರೆ ಹೇಳಿ, ಇಳಿಯುತ್ತೇವೆ ಎಂದಳು. ಶಿವಶಂಕರನ ಬೆನ್ನು ಬೆವರಿನಲ್ಲಿ ಹಳ್ಳಕ್ಕಿಂತ ಹೆಚ್ಚು ಒದ್ದೆಯಾಗಿತ್ತು. “ಕಷ್ಟ ಎಲ್ಲಿದೆ? ಏನೂ ಕಷ್ಟ ಇಲ್ಲ” ಎಂದ.

ಹಳ್ಳ ದಾಟಿ ಒಂದು ಮೈಲಿಯಾದ ಮೇಲೆ ಜಾಡು ಇದ್ದಕ್ಕಿದ್ದಂತೆ ಕೆಟ್ಟಿತು. ಕೆಟ್ಟಿತು ಎಂದರೆ ಅದು ಮೊದಲು ಒಳ್ಳೆಯದಿತ್ತು ಎಂದಂತಾಗುತ್ತದೆ, ಕೆಟ್ಟದ್ದು ಭಯಂಕರವಾಯಿತು. ಅಡ್ಡಡ್ಡ ಗುಂಡಿ, ಗುಂಡಿ ತುಂಬ ಕೆಸರು, ಕೆಸರಿಗೆ ಎಲ್ಲಿಂದಲೋ ಸಣ್ಣಗೆ ಹರಿದು ಬರುತ್ತಿದ್ದ ಕಾಲುವೆ ನೀರು. ಹೋದ ತಿಂಗಳು ಬಂದಾಗ ಹೀಗಿರಲಿಲ್ಲ ಎಂದು ಯಾರೋ ಅಂದರು. ಮೊದಲ ಗುಂಡಿಯಲ್ಲೇ ಒಂದು ಹಳೆಯ ಜೀಪು ಮೂತಿ ಹೂತುಕೊಂಡು ನಿಂತಿತ್ತು. ಪಕ್ಕದಲ್ಲಿ ಒಬ್ಬ ಸಣಕಲು ಮನುಷ್ಯ, ಪ್ಯಾಂಟು ಮಂಡಿವರೆಗೆ ಮಡಚಿ, ಬೂಟು ಕೈಯಲ್ಲಿ ಹಿಡಿದು, ಕಂಕುಳಲ್ಲೊಂದು ಚೀಲ ಸಿಕ್ಕಿಸಿ ನಿಂತಿದ್ದ. ಡ್ರೈವರು ಎತ್ತು ತರಲು ಹೋಗಿ ಒಂದು ಗಂಟೆಯಾಯಿತು, ಸೀಗೆಕೊಪ್ಪಲಿಗೆ ಹೋಗಬೇಕಿತ್ತು ಎಂದು ಆತ ದೀನವಾಗಿ ಹೇಳಿದ.

ನಂಜಣ್ಣನ ಮುಖ ಅರಳಿತು. “ಬನ್ನಿ ಸಾಮಿ, ನಿಮ್ದೇ ಒಂದ್ ಜಾಗ ಉಳ್ದಿತ್ತು” ಎಂದು ತಾನೇ ಕೈಹಿಡಿದು ಮುಂದಿನ ಸೀಟಿಗೆ ಎಳೆದುಕೊಂಡ. ಹದಿನಾರು ಭರ್ತಿಯಾಯಿತು. ಗಾಡಿ ಬದಿಯ ಹುಲ್ಲಿನ ಮೇಲೆ ಹತ್ತಿ, ಜೀಪನ್ನು ಬಳಸಿ ಮುಂದೆ ಹೋಯಿತು.

ಸೀಗೆಕೊಪ್ಪಲಿಗೆ ಹೊರಟವನೆಂದರೆ ಹೆಂಡತಿ ಕಡೆಯ ಇನ್ನೊಬ್ಬ ನೆಂಟ ಎಂದು ಶಿವಶಂಕರ ತಿಳಿದ. ಪ್ಯಾಂಟು ತೊಟ್ಟವನು, ಗಂಡನ ಪರಿಚಯದ ಮೇಷ್ಟ್ರಿರಬೇಕು ಎಂದು ಶಾಂತಲಾ ತಿಳಿದಳು. ಆತ ಮಾತ್ರ ಇಲ್ಲದ ಪ್ರಶ್ನೆಗಳನ್ನೆಲ್ಲ ಕೇಳಿದ. ಇದು ಮನೆಮಂದಿಯ ಗಾಡಿಯಾ? ಎಷ್ಟು ಜನ ಇದ್ದೀರಿ? ಇಂಥ ದಾರಿಯಲ್ಲಿ ಸಂಸಾರ ಕರಕೊಂಡು ಬರಲು ಕಷ್ಟ ಆಗಲ್ಲವಾ?

ಕಷ್ಟ ಎಂಬ ಮಾತು ಬಿದ್ದೊಡನೆ ಕನ್ನಡಿಯಲ್ಲಿ ಶಾಂತಲಾಳ ಕಣ್ಣು ಕಂಡಿತು. ಶಿವಶಂಕರ ಎದೆ ಸೆಟೆಸಿದ.

“ಇದೇನ್ ಮಹಾ ದಾರಿ ಸಾರ್. ಹುಣಸೂರಲ್ಲಿ ನಮ್ಮ ಓಣೀನೇ ಇದಕ್ಕಿಂತ ಕಷ್ಟ. ಒಂದು ಕೈಯಲ್ಲಿ ಓಡಿಸ್ತೀನಿ ನೋಡಿ.”

ನೋಡಿ ಎಂದು ಒಂದು ಕೈ ಬಿಟ್ಟೂ ತೋರಿಸಿದ. ಗಾಡಿ ಗುಂಡಿಗೆ ಇಳಿದು, ಹದಿನಾರೂ ತಲೆ ಚಾವಣಿಗೆ ಬಡಿದು, ಮತ್ತೆ ಎದ್ದಿತು. ಸಣಕಲು ಮನುಷ್ಯ ತಲೆ ಸವರಿಕೊಳ್ಳುತ್ತ, ಮಳೆಗಾಲದಲ್ಲೂ ಹೀಗೇ ಬರುತ್ತೀರಾ ಎಂದ. ಮಳೆಯಿದ್ದರೆ ಇನ್ನೂ ಸಲೀಸು, ನೆಲ ಮೆತ್ತಗಿರುತ್ತದೆ ಎಂದ ಶಿವಶಂಕರ. ಬಸುರಿ ಬಾಣಂತಿಯರಿದ್ದರೆ? ತೊಟ್ಟಿಲಲ್ಲಿ ತೂಗಿದ ಹಾಗೆ ಕರೆದುಕೊಂಡು ಬರುತ್ತೇನೆ ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸಿತು. ಶಿವಶಂಕರ ಹಾರನ್ ಹೊಡೆದು ಅದನ್ನು ಮುಚ್ಚಿದ. ಸಣಕಲು ಮನುಷ್ಯ ಚೀಲದಿಂದ ಡೈರಿ ತೆಗೆದು ಏನೋ ಬರೆದುಕೊಂಡ. ಮುಯ್ಯಿ ಬರೆಯುವವನಿರಬೇಕು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಊರು ಕಾಣಿಸಿತು. ಊರ ಮುಂದಿನ ಆಲದ ಮರದ ಕೆಳಗೆ ಹತ್ತಿಪ್ಪತ್ತು ಜನ ನಿಂತಿದ್ದರು, ಕೆಲವರ ಹೆಗಲ ಮೇಲೆ ಗುದ್ದಲಿ. ಗಾಡಿ ಕಂಡದ್ದೇ ಎಲ್ಲರೂ ಎರಡೂ ಕೈ ಎತ್ತಿ ಬೀಸತೊಡಗಿದರು. ಅವರ ಮುಂದೆ ಮಾವ ಜವರಯ್ಯ, ಅರವತ್ತೈದರ ವಯಸ್ಸಿನಲ್ಲಿ, ಟವೆಲ್ ತಿರುಗಿಸುತ್ತ ಗಾಡಿಗೆ ಎದುರಾಗಿ ಓಡಿ ಬರುತ್ತಿದ್ದ. ಹತ್ತು ವರ್ಷದಲ್ಲಿ ಮಾವ ಜಗಲಿಯಿಂದ ಎದ್ದು ಬಂದು ಕರೆದದ್ದಿಲ್ಲ. ಇವತ್ತು ಊರನ್ನೇ ಕಟ್ಟಿಕೊಂಡು ಎದುರುಗೊಳ್ಳುತ್ತಿದ್ದಾನೆ. ಅಳಿಯನ ಮರ್ಯಾದೆ ಎಂದರೆ ಇದು. ಶಿವಶಂಕರ ಇನ್ನಷ್ಟು ಆಕ್ಸಿಲರೇಟರ್ ಒತ್ತಿದ. ಕೊನೆಯ ಗುಂಡಿಯನ್ನು ಗಾಡಿ ಹಾರಿಯೇ ದಾಟಿತು. ಕೆಸರು ಮಾವನ ಮುಖಕ್ಕೆ ಎರಚಿತು. ಕಿಟಕಿಯಿಂದ ಕೈ ಬೀಸುತ್ತ, ಉದ್ದಕ್ಕೆ ಹಾರನ್ ಹೊಡೆಯುತ್ತ ಹೋಗಿ ಮನೆ ಬಾಗಿಲಲ್ಲಿ, ತುಳಸಿಕಟ್ಟೆಗೆ ಒಂದು ಗೇಣು ಇರುವಂತೆ ನಿಲ್ಲಿಸಿದ.

ಒಬ್ಬರೂ ಇಳಿದಿರಲಿಲ್ಲ, ಒಬ್ಬರೂ ತಳ್ಳಿರಲಿಲ್ಲ. ಗಾಡಿ ಉಳಿಯಿತು. ಶಿವಶಂಕರ ಹೆಂಡತಿಯ ಕಡೆ ನೋಡಿದ. ಶಾಂತಲಾ ಬಾಳೆಗೊನೆ ಇಳಿಸಿ, ಸೋತವಳ ಗಾಂಭೀರ್ಯದಿಂದ ತಲೆಯಾಡಿಸಿದಳು.

ಜವರಯ್ಯ ಏದುಸಿರು ಬಿಡುತ್ತ ಬಂದ. ಟವೆಲಿನಿಂದ ಮುಖದ ಕೆಸರು ಒರೆಸಿದ ಮೇಲೂ ಆ ಮುಖದಲ್ಲಿ ಮರ್ಯಾದೆಯಾಗಲಿ ಪ್ರೀತಿಯಾಗಲಿ ಕಾಣಲಿಲ್ಲ. ಏನೋ ಎಡವಟ್ಟಾಗಿದೆ ಎನಿಸಿ ಶಿವಶಂಕರ ಮಾತು ತಿರುಗಿಸಲು, ದಾರಿಯಲ್ಲಿ ನಿಮ್ಮ ಕಡೆಯವರೂ ಒಬ್ಬರು ಸಿಕ್ಕರು, ಕರೆತಂದೆ ಎಂದು ಸಣಕಲು ಮನುಷ್ಯನನ್ನು ಮುಂದೆ ಮಾಡಿದ.

“ನಮ್ ಕಡೆಯೋರಾ?” ಎಂದ ಜವರಯ್ಯ. “ಸರ್ಕಾರದ್ ಕಡೆಯೋರು ಕಣ್ರೀ.”

ಸಣಕಲು ಮನುಷ್ಯ ಬೂಟು ಹಾಕಿಕೊಂಡು ಎದ್ದು ನಿಂತ. ಬೂಟು ಹಾಕಿಕೊಂಡ ಕೂಡಲೆ ಆತ ಅರ್ಧ ಅಡಿ ಎತ್ತರವಾದ. ಹೆಸರು ವೀರಭದ್ರಸ್ವಾಮಿ, ರಸ್ತೆ ಪರಿಶೀಲನೆಗೆ ಬಂದ ಎಂಜಿನಿಯರ್.

ಆಗ ತಿಳಿಯಿತು. ಸೀಗೆಕೊಪ್ಪಲಿನವರು ಹನ್ನೆರಡು ವರ್ಷ ಅರ್ಜಿ ಹಾಕಿ, ಈ ಸಲ ಎಂಜಿನಿಯರ್ ಖುದ್ದು ಬಂದು ನೋಡುವಂತೆ ಮಾಡಿದ್ದರು. ಬರುವ ಸುದ್ದಿ ಸೋಮವಾರ ಸಂಜೆ ಬಂದಿತ್ತು. ಇರುವ ಜಾಡು ಸಾಲದು, ಆತನ ಕಣ್ಣಿಗೆ ಇನ್ನೂ ಚೆನ್ನಾಗಿ ಕೆಟ್ಟಿರಬೇಕು ಎಂದು ಊರೆಲ್ಲ ಸೇರಿ ಎರಡು ದಿನ ಗುದ್ದಲಿ ಹಿಡಿದು ಗುಂಡಿ ತೋಡಿ, ಕಾಲುವೆ ನೀರು ತಿರುಗಿಸಿದ್ದರು. ನೆಂಟರು ಹೇಗೂ ಗದ್ದೆಬದುವಿನ ಮೇಲೆ ನಡೆದು ಬರುವವರು. ಜೀಪು ಹೂತುಕೊಳ್ಳಬೇಕು, ಎಂಜಿನಿಯರ್ ಕೆಸರಿನಲ್ಲಿ ನಡೆದು, ಬಿದ್ದು, ಎದ್ದು ಬರಬೇಕು, ಬಂದವನಿಗೆ ಬಿಸಿನೀರು ಕಾಯಿಸಿ ಕೊಟ್ಟು, ಮುದ್ದೆ ಬಾಡೂಟ ಬಡಿಸಿ, ಆತ ಕಣ್ಣೀರು ಹಾಕುತ್ತ ರಸ್ತೆ ಬರೆದುಕೊಡಬೇಕು. ಎಲ್ಲ ಲೆಕ್ಕದ ಪ್ರಕಾರ ನಡೆದಿತ್ತು. ಜೀಪು ಹೂತಿತ್ತು ಕೂಡ. ಅಷ್ಟರಲ್ಲಿ ಲೆಕ್ಕದ ಮೇಷ್ಟ್ರು ಬಂದ.

ವೀರಭದ್ರಸ್ವಾಮಿ ಡೈರಿ ಬಿಚ್ಚಿ, ಅಲ್ಲಿಯವರೆಗೆ ಇಲ್ಲದ ಒಂದು ಗಂಟಲಿನಲ್ಲಿ ಓದಿದ: “ಸದರಿ ಮಾರ್ಗವನ್ನು ಖುದ್ದು ಪರಿಶೀಲಿಸಲಾಗಿ, ಹದಿನಾರು ಮಂದಿ ಪ್ರಯಾಣಿಕರಿದ್ದ ಖಾಸಗಿ ಕುಟುಂಬ ವಾಹನವು, ಯಾರೂ ಕೆಳಗಿಳಿಯದೆ, ಯಾರೂ ತಳ್ಳದೆ, ಸುಗಮವಾಗಿ ಸಂಚರಿಸಿರುವುದು ಕಂಡುಬಂದಿರುತ್ತದೆ. ಮಳೆಗಾಲದಲ್ಲಿ ಸಂಚಾರವು ಇನ್ನೂ ಸಲೀಸೆಂದು ಸದರಿ ವಾಹನದ ಮಾಲೀಕರು, ವಿದ್ಯಾವಂತರು, ತಿಳಿಸಿರುತ್ತಾರೆ. ಆದ್ದರಿಂದ ಡಾಂಬರೀಕರಣದ ಅಗತ್ಯ ಸದ್ಯಕ್ಕೆ ಕಂಡುಬರುವುದಿಲ್ಲ.”

ಊರು ಶಿವಶಂಕರನನ್ನು ನೋಡಿತು. ಗುದ್ದಲಿಗಳು ಹೆಗಲಿನಿಂದ ಕೆಳಗಿಳಿದವು.

ಶಿವಶಂಕರ ಎಂಜಿನಿಯರ್ ಮುಂದೆ ಕೈಮುಗಿದ. ಹೆಂಡತಿ ಎರಡು ಮಾರು ದೂರದಲ್ಲಿ ನಿಂತಿದ್ದಳು; ಈಗ ಬಾಯಿ ಬಿಟ್ಟರೆ ಗೆದ್ದದ್ದೆಲ್ಲ ನೀರುಪಾಲು. ಬಾಯಿ ಬಿಡದಿದ್ದರೆ ಊರೇ 'ಅಳಿಯಂದ್ರು' ಎನ್ನುವುದನ್ನು ಬಿಟ್ಟು ಬೇರೇನೋ ಅನ್ನುತ್ತದೆ. ಅವನು ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ. “ಸಾರ್, ನಾನು ಹೇಳಿದ್ದೆಲ್ಲ ಸುಳ್ಳು. ಜೀವ ಕೈಲಿ ಹಿಡ್ಕೊಂಡು ಬಂದಿದ್ದೀನಿ. ಹಿಂದೆ ಇಬ್ಬರು ವಾಂತಿ ಮಾಡಿದಾರೆ. ಏರಲ್ಲಿ ಗಾಡಿ ಹಿಂದಕ್ಕೆ ಜಾರ್ತು. ನನ್ನ ಕಾಲು ಇನ್ನೂ ನಡುಗ್ತಾ ಇದೆ, ನೋಡಿ.”

ಎಂಜಿನಿಯರ್ ಕಾಲನ್ನು ನೋಡಿದ. ನೋಡಿ ನಕ್ಕ. “ವಿನಯ ಅಂದ್ರೆ ಹೀಗಿರಬೇಕು ಮೇಷ್ಟ್ರೇ. ನಾನೇ ಪಕ್ಕದಲ್ಲಿ ಕೂತು ಬಂದೆನಲ್ಲ, ಒಂದು ಕೈಯಲ್ಲಿ ಓಡಿಸಿದ್ರಿ.”

ಸುಳ್ಳನ್ನು ನಂಬಿದವನು ನಿಜವನ್ನು ನಂಬಲಿಲ್ಲ. ನಂಬಿದ್ದು ಶಾಂತಲಾ ಒಬ್ಬಳು. ಅವಳ ತುಟಿಯ ಮೂಲೆಯಲ್ಲಿ ಶುಕ್ರವಾರ ಮೂಡಿತು.

ಮಗುವಿನ ಕಿವಿ ಚುಚ್ಚಿದ್ದಾಯಿತು, ಊಟವಾಯಿತು. ಎಂಜಿನಿಯರಿಗೆ ನಲ್ಲಿಮೂಳೆ, ನಂಜಣ್ಣನಿಗೆ ಎರಡು ಸಲ ಬಾಡು. ಶಿವಶಂಕರನ ಎಲೆಗೆ ಮಾತ್ರ ಬಡಿಸುವವನ ಸೌಟು ಬರುವಷ್ಟರಲ್ಲಿ ಬರೀ ಸಾರಾಗುತ್ತಿತ್ತು. ಊಟದ ಮೇಲೆ ಜಗಲಿಯಲ್ಲಿ ನ್ಯಾಯ ಸೇರಿತು. ಅಳಿಯನನ್ನು ಬೈಯುವುದು ಸಂಪ್ರದಾಯವಲ್ಲ. ಆದ್ದರಿಂದ ಎಲ್ಲರೂ ಅವನನ್ನು ಬಿಟ್ಟು ಅವನ ಗಾಡಿಯನ್ನು ಬೈದರು. ಕೊನೆಗೆ ಜವರಯ್ಯ ಬಹುವಚನ ಬಿಡದೆ ತೀರ್ಮಾನ ಹೇಳಿದ.

“ನೋಡಿ ಅಳಿಯಂದ್ರೇ, ನಾವ್ ಬೇರೆ ಏನೂ ಕೇಳಾಕಿಲ್ಲ. ನಿಮ್ ಗಾಡಿಯಿಂದ ನಮ್ ರಸ್ತೆ ಓಯ್ತು. ರಸ್ತೆ ಬರೋಗಂಟ ನಿಮ್ ಗಾಡಿ ನಮ್ಮೂರಲ್ಲಿರ್ಲಿ. ಸಂತೆಗೆ, ಆಸ್ಪತ್ರೆಗೆ, ಹೈಸ್ಕೂಲ್ ಮಕ್ಕಳಿಗೆ. ಸಸಿ ಓಡುಸ್ತಾನೆ. ತೊಟ್ಲಲ್ ತೂಗ್ದಂಗೆ ಬತ್ತದಂತಲ್ಲ.”

ರಸ್ತೆ ಬರಲು ಎಷ್ಟು ದಿನ ಬೇಕು ಎಂದು ಶಿವಶಂಕರ ಕೇಳಿದ. ಹನ್ನೆರಡು ವರ್ಷ ಅರ್ಜಿ ಹಾಕಿದ್ದೆವು, ಇನ್ನು ಮೊದಲಿಂದ ಶುರುಮಾಡಬೇಕು ಎಂದರು. ಅವನು ಆಸೆಯಿಂದ ಹೆಂಡತಿಯ ಕಡೆ ತಿರುಗಿದ. ಮೈಸೂರಿನ ಗಿರಾಕಿಯ ಮಾತನ್ನಾದರೂ ಅವಳು ಎತ್ತಲಿ; ಮಾರಿದರೆ ಕಾಸಾದರೂ ಕೈಸೇರುತ್ತದೆ. ಶಾಂತಲಾ ಮೊದಲ ಬಾರಿಗೆ ಗಾಡಿಯ ಪರ ವಹಿಸಿದಳು.

“ಮಾರೋ ಮಾತೇ ಇಲ್ಲಪ್ಪ. ಬಾಗಿಲಿಗೆ ಬಂತಲ್ಲ, ಮಾತು ಅಂದ್ರೆ ಮಾತು. ನಮ್ಮ ಓಣೀಲಿ ಇಕ್ಕಟ್ಟು, ಇಲ್ಲಿ ಹಿತ್ತಲು ದೊಡ್ಡದಾಗಿದೆ, ಆರಾಮಾಗಿರ್ಲಿ.”

ಬಿಸಿಲು ಇಳಿಯುವ ಹೊತ್ತಿಗೆ ಹ್ಯಾಂಡ್‌ಪೋಸ್ಟಿಗೆ ಮೊದಲ ಟ್ರಿಪ್ಪು ಹೊರಟಿತು. ಶಶಿ ಸ್ಟೀರಿಂಗ್ ಹಿಡಿದ. ಪಕ್ಕದಲ್ಲಿ ಎಂಜಿನಿಯರ್, ಅವನ ಪಕ್ಕ ನಂಜಣ್ಣ. ಪುಟ್ಟಸಿದ್ದಮ್ಮ ಈ ಸಲ ಕಿಟಕಿ ಪಕ್ಕ ಹಿಡಿದರು. ನೆಂಟರು, ಅವರ ಬುತ್ತಿಗಂಟುಗಳು, ಶಾಂತಲಾ, ಅವಳ ತೊಡೆಯ ಮೇಲೆ ಪವಿತ್ರ. ಶಿವಶಂಕರ ಮಾವನಿಗೆ ನಮಸ್ಕಾರ ಹೇಳಿ ಬರುವಷ್ಟರಲ್ಲಿ ಗಾಡಿ ತುಂಬಿತ್ತು. ಅವನು ಹಿಂಬಾಗಿಲಿಗೆ ಕಾಲಿಡಲು ನೋಡಿದ. ಕಾಲಿಗೆ ಜಾಗ ಸಿಗಲಿಲ್ಲ. ಮುಂದಿನ ಬಾಗಿಲಿಗೆ ಬಂದ. ನಂಜಣ್ಣ ಒಳಗಿನಿಂದ ಬಾಗಿಲೆಳೆದುಕೊಂಡು, ಭರ್ತಿಯಾಯಿತು, ಮುಂದಿನ ಟ್ರಿಪ್ಪಿಗೆ ಬನ್ನಿ ಎಂದ.

ಇದಕ್ಕಿಂತ ಅನ್ಯಾಯ ಲೋಕದಲ್ಲಿ ಇನ್ನೇನಿದೆ? ಶಿವಶಂಕರ ಬಾಗಿಲಿನ ಹಿಡಿ ಹಿಡಿದು ಎಳೆದ.

“ಮಾವ, ಇದು ನನ್ನ ಗಾಡಿ ಕಣ್ರೀ.”

ನಂಜಣ್ಣ ಕಿಟಕಿಯಿಂದ ಕೈ ಹೊರಗೆ ಚಾಚಿ ಅಳಿಯನ ಭುಜ ತಟ್ಟಿದ.

“ಅದ್ಕೇ ಯೋಳ್ತಿರೋದು. ನಿಮ್ ಗಾಡಿ ನಿಮ್ಮನ್ ಬುಟ್ಟು ಎಲ್ಲಿಗ್ ಓದಾದು? ಇಲ್ಲೇ ನಿಂತಿರಿ, ಬತ್ತದೆ.”